ಸಸ್ಯಸಾರಗಳೂ ಕ್ಷಯಾಣುವೂ: ಒಂದು ವಿಮರ್ಶೆ

ಇಂಥ ಗಿಡದ ಎಲೆಯ ಸಾರಕ್ಕೆ ಕ್ಷಯಾಣುಗಳನ್ನು ತಡೆಯುವ ಶಕ್ತಿಯುಂಟೆಂದು ಸಾರುವ ಪ್ರಬಂಧಗಳು ನಮ್ಮ ದೇಶದಲ್ಲಿ ವರ್ಷವರ್ಷವೂ ಹೊರಡುತ್ತಿವೆ. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿಯೇ ಇರುವಾಗ, ಔಷಧಗಳಿಗೆ ಮಣಿಯದ ಕ್ಷಯವೂ ಹಬ್ಬಿರುವಾಗ, ಇವುಗಳ ಉದ್ದೇಶ ಸ್ತುತ್ಯವೇ ಸರಿ. ಆದರೆ ಇವುಗಳಲ್ಲಿ ಬಹುಪಾಲು ಔಷಧಶೋಧದ ಹೊಸ್ತಿಲಲ್ಲಿಯೇ ನಿಂತುಬಿಡುವುದೇಕೆಂಬುದನ್ನು ದಾಕ್ಷಿಣ್ಯವಿಲ್ಲದೆ ವಿಚಾರಿಸಬೇಕಾಗಿದೆ.

ಮೊದಲು ಪ್ರಮಾಣದ ಮಾತು. ಐಸೋನಿಯಾಜಿಡ್ ಔಷಧವು ಮಿಲಿಲೀಟರಿಗೆ 0.2 ಮೈಕ್ರೋಗ್ರಾಮಿನಷ್ಟು ಅಲ್ಪ ಪ್ರಮಾಣದಲ್ಲಿಯೇ ಸಾಮಾನ್ಯ ಕ್ಷಯಾಣುವಿನ ಬೆಳವಣಿಗೆಯನ್ನು ತಡೆಯುತ್ತದೆ. ಹೀಗಿರುವಲ್ಲಿ ನೂರಾರು ಮೈಕ್ರೋಗ್ರಾಮು ಬೇಡುವ ಸಾರವನ್ನು ‘ಪ್ರಬಲ’ವೆಂದು ಕರೆಯುವುದು ಶಬ್ದದ ದುರುಪಯೋಗ. ಸಾರದಲ್ಲಿ ಅನೇಕ ವಸ್ತುಗಳು ಬೆರೆತಿರುವುದರಿಂದ ಅದನ್ನು ಶುದ್ಧ ದ್ರವ್ಯದೊಡನೆ ತೂಗಲಾಗದೆಂಬ ಸಮಾಧಾನವನ್ನು ಒಪ್ಪೋಣ. ಹಾಗಾದರೆ ಆ ದ್ರವ್ಯವನ್ನು ಬೇರ್ಪಡಿಸುವುದೇ ಮುಖ್ಯ ಕಾರ್ಯವಾಯಿತು. ಅದನ್ನೇ ಕೈಬಿಡಲಾಗುತ್ತಿದೆ. ಅಷ್ಟು ಪ್ರಮಾಣವು ಮನುಷ್ಯನ ಜೀವಕೋಶಗಳನ್ನೂ ಕೊಲ್ಲುವುದೇ ಎಂಬ ಪರೀಕ್ಷೆಯೂ ಹಲವೆಡೆ ಕಾಣದು.

ಕ್ಷಯಾಣು ಬೆಳೆಯುವುದು ಬಹು ನಿಧಾನ. ಘನಮಾಧ್ಯಮದಲ್ಲಿ ಕಣ್ಣಿಗೆ ಕಾಣಲು ಮೂರರಿಂದ ಆರು ವಾರ ಹಿಡಿಯುತ್ತದೆ. ಆದುದರಿಂದ ಅದರ ಶೀಘ್ರಗಾಮಿ ಬಂಧುವಾದ ಸ್ಮೆಗ್ಮಾಟಿಸ್ ಎಂಬ ಅಣುಜೀವಿಯ ಮೇಲೆ ಪ್ರಯೋಗ ನಡೆಸುವುದುಂಟು. ಆದರೆ ಆ ಜೀವಿ ಐಸೋನಿಯಾಜಿಡ್ಡಿಗೇ ಸುಲಭವಾಗಿ ಮಣಿಯದು!

ಆಡುಸೋಗೆಯ ವಿಚಾರದಲ್ಲಿ ಇನ್ನೊಂದು ಗೊಂದಲವಿದೆ. ಕೆಮ್ಮಿಗೆ ಇದು ಹಳೆಯ ಮದ್ದು. ಇದರ ವಾಸಿಸಿನ್ ಎಂಬ ಕ್ಷಾರಾಭವನ್ನು ಆಧಾರವಾಗಿಟ್ಟುಕೊಂಡು ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಸಿದ್ಧವಾಯಿತು. ಆದರೆ ಕೆಮ್ಮು ತಗ್ಗಿತೆಂದಮಾತ್ರಕ್ಕೆ ಕ್ಷಯಾಣು ಸತ್ತಿತೆನ್ನಲಾಗದು. ಈ ಭೇದವನ್ನರಿಯದೆ ರೋಗಿಯು ತಿಂಗಳುಗಟ್ಟಲೆ ಸೇವಿಸಬೇಕಾದ ಔಷಧವನ್ನು ನಡುವೆ ಬಿಟ್ಟರೆ ಹಾನಿ ಅವನೊಬ್ಬನಿಗೇ ಅಲ್ಲ.

ಹಾಗೆಂದು ಪ್ರಕೃತಿಮೂಲವನ್ನು ತಳ್ಳಿಹಾಕುವಂತಿಲ್ಲ. 1943ರಲ್ಲಿ ವಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಸ್ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿನ್ ಮಣ್ಣಿನ ಸೂಕ್ಷ್ಮಜೀವಿಯ ಕೊಡುಗೆ. 1957ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯಿಂದ ಮಿಲಾನಿಗೆ ಬಂದ ಮಣ್ಣಿನಿಂದ ರಿಫಾಮೈಸಿನ್ನುಗಳು ದೊರೆತವು. ಮೊದಲು ಕೈಗೆ ಬಂದ ‘ಬಿ’ ಎಂಬುದು ಸ್ವತಃ ಬಹುಮಟ್ಟಿಗೆ ನಿಷ್ಕ್ರಿಯ. ರಸಾಯನಜ್ಞರು ವರ್ಷಗಳ ಕಾಲ ಅದನ್ನು ಮಾರ್ಪಡಿಸುತ್ತ ಹೋದುದರಿಂದಲೇ ಬಾಯಿಯ ಮೂಲಕ ಕೊಡಬಹುದಾದ ರಿಫಾಂಪಿಸಿನ್ ಸಿದ್ಧಿಸಿತು.

ಪಿರಿಡೋಮೈಸಿನ್ನಿನ ಕಥೆ ಇನ್ನೂ ವಿಚಿತ್ರ. 1953ರಲ್ಲಿ ವರದಿಯಾದ ಈ ದ್ರವ್ಯವನ್ನು ಲೋಕ ಮರೆತಿತ್ತು. ಐಸೋನಿಯಾಜಿಡ್ ತಡೆಯುವ ಕಿಣ್ವವನ್ನೇ ಇದೂ ತಡೆಯುವುದೆಂದು 2012ರಲ್ಲಿ ತಿಳಿದುಬಂದಿತು. ಐಸೋನಿಯಾಜಿಡ್ ಫಲಿಸಬೇಕಾದರೆ ಕ್ಷಯಾಣುವಿನದೇ ಮತ್ತೊಂದು ಕಿಣ್ವ ಅದನ್ನು ಚುರುಕುಗೊಳಿಸಬೇಕು. ಪಿರಿಡೋಮೈಸಿನ್ನಿಗೆ ಆ ಹಂಗಿಲ್ಲ. ಆ ಕಿಣ್ವ ಕೆಟ್ಟು ಐಸೋನಿಯಾಜಿಡ್ಡಿಗೆ ಜಗ್ಗದ ಕ್ಷಯಾಣುಗಳನ್ನೂ ಅದು ತಡೆಯಬಲ್ಲುದು.