ತೊಗಟೆಯಡಿಯ ಚಪ್ಪಟೆ ತಿಗಣೆ

ಸತ್ತ ಮರದ ಸಡಿಲ ತೊಗಟೆಯಡಿ ಬದುಕುವ ಚಪ್ಪಟೆ ತಿಗಣೆಗಳು ಅರಾಡಿಡೆ ಕುಟುಂಬಕ್ಕೆ ಸೇರಿದವು. ಜಗತ್ತಿನಲ್ಲಿ ಇವುಗಳ ಸುಮಾರು 2,000 ಪ್ರಭೇದಗಳಿವೆ. ಬಹುಪಾಲು ಸೆಂಟಿಮೀಟರಿಗಿಂತ ಚಿಕ್ಕವು. ಮಂಚದ ತಿಗಣೆಯ ದೂರದ ನೆಂಟರಾದರೂ ಇವು ರಕ್ತ ಹೀರುವುದಿಲ್ಲ. ಮರದೊಳಗೆ ಹಬ್ಬಿದ ಶಿಲೀಂಧ್ರದ ಎಳೆಗಳೇ ಹೆಚ್ಚಿನವಕ್ಕೆ ಆಹಾರ.

ಮೈಕಟ್ಟೆಲ್ಲ ಈ ಬದುಕಿಗೆ ಒಗ್ಗಿಕೊಂಡಿದೆ. ದೇಹ ಕಾಗದದಷ್ಟು ತೆಳು. ಕಂದು ಇಲ್ಲವೇ ಕಪ್ಪು ಬಣ್ಣ, ಉಬ್ಬುತಗ್ಗಿನ ಮೈ. ಮಡಚಿದ ರೆಕ್ಕೆಗಳು ಹೊಟ್ಟೆಯನ್ನು ಪೂರ್ತಿ ಮುಚ್ಚುವುದಿಲ್ಲ, ಎರಡೂ ಬದಿಯಲ್ಲಿ ಅಂಚು ಹೊರಗೇ ಉಳಿಯುತ್ತದೆ. ಮೀಸೆಗಳು ಗಿಡ್ಡ, ದಪ್ಪ, ನಾಲ್ಕು ಗೆಣ್ಣಿನವು. ಎಲ್ಲಕ್ಕಿಂತ ವಿಶೇಷ ಬಾಯಿ. ಹೊರಗೆ ಕಾಣುವ ಕೊಂಡಿ ಚಿಕ್ಕದಾದರೂ ಅದರೊಳಗೆ ಹಾಯುವ ಹೀರುಸೂಜಿಗಳು ಬಹಳ ಉದ್ದ. ಹಲವು ಪ್ರಭೇದಗಳಲ್ಲಿ ದೇಹವನ್ನೂ ಮೀರುತ್ತವೆ. ಬಿಡುವಿನಲ್ಲಿ ಅವು ತಲೆಯೊಳಗೆ ಸುರುಳಿ ಸುತ್ತಿಕೊಂಡಿದ್ದು, ಉಣ್ಣುವಾಗ ಬಿಚ್ಚಿಕೊಂಡು ಮರದ ಸಂದುಗಳಲ್ಲಿ ಎಳೆಗಳನ್ನು ಹುಡುಕುತ್ತಾ ಹೋಗುತ್ತವೆ. ಮರಿಗಳೂ ದೊಡ್ಡವೂ ಒಂದೇ ತೊಗಟೆಯಡಿ ಗುಂಪಾಗಿರುವುದು ಸಾಮಾನ್ಯ. ಮರಿಗಳಿಗೆ ರೆಕ್ಕೆ ಇರದು.

ತೇವದ ಕಾಡು ಇವುಗಳಿಗೆ ಅನುಕೂಲ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಂಥ ಬಯಲು ಅದಕ್ಕೆ ತದ್ವಿರುದ್ಧ. ಅಮೃತಮಹಲ್ ದನಗಳ ಮೇವಿಗೆಂದು ಮೀಸಲಿದ್ದ ಈ ಹುಲ್ಲುಗಾವಲು ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಯಲ್ಲಿದೆ. ಮರ ವಿರಳ, ಒಣಗಿದ ಕೊಂಬೆ ಸೌದೆಯಾಗಿ ಊರು ಸೇರುತ್ತದೆ. ಶಿಲೀಂಧ್ರ ಬೆಳೆಯಲು ಬೇಕಾದ ತೇವ ಮಳೆಗಾಲ ಕಳೆದರೆ ಬೇಗ ಆರುತ್ತದೆ. ಹಾಗಾಗಿ ಇಂಥ ಕಡೆ ನೋಡಬೇಕಾದ ಜಾಗ ಹಳ್ಳದ ದಂಡೆಯಲ್ಲಿ ಒರಗಿದ ಹಳೆಯ ಜಾಲಿ, ಬೇವು, ಹೊಂಗೆಯ ಬೊಡ್ಡೆ. ಕಾಲ ಹಿಂಗಾರು ಮಳೆ ಬಿದ್ದ ಮೇಲಿನ ವಾರಗಳು.

ತಾನಾಗಿ ಬಿಟ್ಟುಕೊಂಡ ತೊಗಟೆಯನ್ನಷ್ಟೇ ಚಾಕುವಿನ ತುದಿಯಿಂದ ಮೆಲ್ಲಗೆ ಎತ್ತಬೇಕು. ಒಳಮೈಯಲ್ಲಿ ಬಿಳಿಯ ಶಿಲೀಂಧ್ರ ಹರಡಿದ್ದರೆ ಅಲ್ಲಿ ಹುಡುಕುವುದು ಸಾರ್ಥಕ. ಬರೀ ಹುಡಿಯೂ ಸುರಂಗಗಳೂ ಇದ್ದರೆ ಅದು ಮರ ಕೊರೆಯುವ ದುಂಬಿಗಳ ಕೆಲಸ. ಬೆಳಕು ಬಿದ್ದರೂ ತಿಗಣೆ ಅಲುಗದೆ ಅಂಟಿಕೊಂಡಿರಬಹುದು, ಆದ್ದರಿಂದ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಅಂಚಿನಿಂದ ಅಂಚಿಗೆ ನೋಡುವುದು ಒಳ್ಳೆಯದು. ಯುರೋಪಿನಲ್ಲಿ ಎಳೆಯ ಪೈನ್ ಮರದ ರಸ ಹೀರಿ ಪೀಡೆಯೆನಿಸಿದ ಒಂದು ಪ್ರಭೇದವಿದೆ; ಶಿಲೀಂಧ್ರ ತಿನ್ನುವ ಉಳಿದವುಗಳಿಂದ ಬದುಕಿರುವ ಮರಕ್ಕೆ ಹಾನಿಯಿಲ್ಲ, ಔಷಧಿ ಹೊಡೆಯುವ ಅಗತ್ಯವೂ ಇಲ್ಲ. ನೋಡಿದ ಮೇಲೆ ತೊಗಟೆಯನ್ನು ಮೊದಲಿದ್ದಂತೆ ಮುಚ್ಚಬೇಕು. ತೇವ ಆರಿದರೆ ಶಿಲೀಂಧ್ರ ಸಾಯುತ್ತದೆ, ತಿಗಣೆಗೆ ಅನ್ನವಿಲ್ಲವಾಗುತ್ತದೆ.