ಬಿನೆಟ್‌ಡಿ ತೀರ್ಪು: ಕೊಂಡವರ ಹಕ್ಕಿಗೆ ಬಿದ್ದ ಪೆಟ್ಟು

ಸ್ಟಾರ್‌ಕ್ರಾಫ್ಟ್, ಡಯಾಬ್ಲೋ ಆಟಗಳನ್ನು ದುಡ್ಡು ಕೊಟ್ಟು ಕೊಂಡವರು ಇಂಟರ್‌ನೆಟ್ಟಿನಲ್ಲಿ ಜೊತೆಗಾರರೊಡನೆ ಆಡಲು ಬ್ಲಿಝರ್ಡ್ ಕಂಪನಿಯ ಬ್ಯಾಟಲ್.ನೆಟ್ ಸರ್ವರನ್ನೇ ನೆಚ್ಚಬೇಕಿತ್ತು. ಅಲ್ಲಿನ ಅಡಚಣೆ, ಮೋಸದಾಟಗಳಿಂದ ಬೇಸತ್ತ ಹವ್ಯಾಸಿ ಪ್ರೋಗ್ರಾಮರ್‌ಗಳು 1998ರಲ್ಲಿ ಬಿನೆಟ್‌ಡಿ ಎಂಬ ಬದಲಿ ಸರ್ವರ್ ಬರೆಯತೊಡಗಿದರು. ಲಾಭದ ಆಸೆ ಇರಲಿಲ್ಲ, ಕೋಡ್ ಎಲ್ಲರಿಗೂ ಮುಕ್ತವಾಗಿತ್ತು. 2002ರಲ್ಲಿ ಕಂಪನಿ ಮೊಕದ್ದಮೆ ಹೂಡಿತು. 2005ರಲ್ಲಿ ಅಮೆರಿಕದ ಎಂಟನೇ ವಲಯದ ಮೇಲ್ಮನವಿ ನ್ಯಾಯಾಲಯವೂ ಕಂಪನಿಯನ್ನೇ ಎತ್ತಿಹಿಡಿಯಿತು. ಆ ತೀರ್ಪು ತಪ್ಪೆಂದೇ ನನ್ನ ಖಚಿತ ಅಭಿಪ್ರಾಯ.

ವ್ಯಾಜ್ಯದ ಗಂಟು ಇರುವುದು ಸಿಡಿ ಕೀಯಲ್ಲಿ, ಎಂದರೆ ಆಟದ ಪ್ರತಿಯೊಂದಿಗೆ ಬರುವ ಗುರುತಿನ ಸಂಕೇತದಲ್ಲಿ. ಆಟ ಬ್ಯಾಟಲ್.ನೆಟ್ಟಿಗೆ ಸೇರುವಾಗ ಎರಡೂ ಕಡೆ ಒಂದೊಂದು ಸಂಖ್ಯೆ ಹುಟ್ಟುತ್ತಿತ್ತು. ಆ ಎರಡು ಸಂಖ್ಯೆಗಳನ್ನೂ ಡಬ್ಬಿಯ ಮೇಲಿನ ಕೀಯನ್ನೂ ಬೆರೆಸಿ ಆಟ ಲೆಕ್ಕ ಮಾಡಿ ಕಳಿಸುತ್ತಿತ್ತು. ಕೀ ಅಸಲಿಯೇ, ಬೇರೆ ಯಾರಾದರೂ ಆಗಲೇ ಬಳಸುತ್ತಿದ್ದಾರೆಯೇ ಎಂದು ಸರ್ವರ್ ನೋಡುತ್ತಿತ್ತು. ಬಿನೆಟ್‌ಡಿ ಮಾತ್ರ ಯಾವ ಕೀ ಬಂದರೂ ಸರಿ ಎನ್ನುತ್ತಿತ್ತು. ಕಳ್ಳಪ್ರತಿಗಳಿಗೆ ಇದರಿಂದ ದಾರಿಯಾಯಿತು ಎಂಬುದು ಆರೋಪ. ಆತಂಕ ಸುಳ್ಳಲ್ಲ: ಅದೇ ಕಂಪನಿಯ ವಾರ್‌ಕ್ರಾಫ್ಟ್ 3 ಆಟದ ಸೋರಿಹೋದ ಬೀಟಾ ಪ್ರತಿಗಳನ್ನು ಇಂಥದೇ ಸರ್ವರ್‌ಗಳಲ್ಲಿ ಆಡಲಾಗಿತ್ತು. ಆದರೆ ಅಸಲಿ ಕೀಗಳನ್ನು ಗುರುತಿಸುವ ಮಾಹಿತಿ ಇದ್ದದ್ದು ಕಂಪನಿಯ ಕೈಯಲ್ಲಿ ಮಾತ್ರ. ಹೊರಗಿನವರು ಪರೀಕ್ಷಿಸಲು ಸಾಧ್ಯವೇ ಇಲ್ಲದ್ದನ್ನು ಪರೀಕ್ಷಿಸಲಿಲ್ಲವೆಂದು ತಪ್ಪಿತಸ್ಥರನ್ನಾಗಿಸಿದರೆ, ಹೊಂದಿಕೆಯಾಗುವ ಸರ್ವರನ್ನು ಯಾರೂ ಎಂದೂ ಬರೆಯುವಂತಿಲ್ಲ ಎಂದಂತಾಯಿತು.

ಅದಕ್ಕಿಂತ ಅಪಾಯಕಾರಿ ಇನ್ನೊಂದು ಮಾತಿದೆ. 1992ರ ಸೆಗಾ, 2000ದ ಕನೆಕ್ಟಿಕ್ಸ್ ಪ್ರಕರಣಗಳಲ್ಲಿ ಒಂಬತ್ತನೇ ವಲಯದ ನ್ಯಾಯಾಲಯ, ಹೊಂದಿಕೆಗಾಗಿ ಸಾಫ್ಟ್‌ವೇರ್ ಬಿಚ್ಚಿನೋಡುವುದು ನ್ಯಾಯಯುತ ಬಳಕೆ ಎಂದಿತ್ತು. ಬಿನೆಟ್‌ಡಿಯವರು ಆಟ ಹಾಕಿಕೊಳ್ಳುವಾಗ ಷರತ್ತುಗಳಿಗೆ ‘ಒಪ್ಪಿದ್ದೇನೆ’ ಎಂದು ಒತ್ತಿದ್ದರಿಂದ ಆ ಹಕ್ಕನ್ನು ಬಿಟ್ಟುಕೊಟ್ಟಂತೆ ಎಂದು ಎಂಟನೇ ವಲಯ ಹೇಳಿತು. ಚೌಕಾಶಿಗೆ ಜಾಗವೇ ಇಲ್ಲದ ಒಪ್ಪಂದಕ್ಕೆ ಇಷ್ಟು ಬಲ ಕೊಡಬಾರದಿತ್ತು.

ನಮ್ಮ ಕಾನೂನು ಇಲ್ಲಿ ಹೆಚ್ಚು ವಿವೇಕದ್ದು. ಹೊಂದಿಕೆಗೆ ಬೇಕಾದ, ಬೇರೆಲ್ಲೂ ಸುಲಭವಾಗಿ ಸಿಗದ ಮಾಹಿತಿ ಪಡೆಯಲು ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿದ 65ಎ ಕಲಮು ಕೀ ತಪಾಸಣೆಯಂಥ ತಾಂತ್ರಿಕ ಬೀಗ ಮುರಿದವರ ಉದ್ದೇಶ ಹಕ್ಕುಚ್ಯುತಿಯೇ ಎಂದು ಕೇಳುತ್ತದೆ.

2024ರ ಮಾರ್ಚ್ 31ರಂದು ಯೂಬಿಸಾಫ್ಟ್ ‘ದಿ ಕ್ರೂ’ ಆಟದ ಸರ್ವರ್ ನಿಲ್ಲಿಸಿದಾಗ, ಕೊಂಡವರು ಒಬ್ಬರೇ ಕೂತು ಆಡುವುದೂ ನಿಂತುಹೋಯಿತು. ಕಂಪನಿ ಕೈಬಿಟ್ಟ ಮೇಲಾದರೂ ಆಟಗಾರರು ತಮ್ಮದೇ ಸರ್ವರ್ ನಡೆಸಲು ಕಾನೂನು ಸ್ಪಷ್ಟ ಅನುಮತಿ ಕೊಡಬೇಕು. ಬಿನೆಟ್‌ಡಿ ತೀರ್ಪಿನ ತರ್ಕ ಅದಕ್ಕೂ ಅಡ್ಡಬರುತ್ತದೆ.