ನೆರಳೂ ಕಾಡೂ: ಎಲಿಯಟ್ಟನ ಗ್ರಂಥವನ್ನು ಕುರಿತ ಒಂದು ವಿಮರ್ಶೆ

ಹಾಳಾದ ಕಾಡನ್ನು ಪುನರುಜ್ಜೀವಿಸಬೇಕಾದರೆ ಆ ಕಾಡಿನ ಪೂರ್ವಸ್ಥಿತಿಯನ್ನು ತಿಳಿದಿರಬೇಕಾದುದು ಅವಶ್ಯಕ. ಅಮೆರಿಕದ ಆಗ್ನೇಯ ಭಾಗದಲ್ಲಿರುವ ಉದ್ದೆಲೆಯ ಪೈನ್ ಕಾಡುಗಳ ಪುನರುಜ್ಜೀವನಕ್ಕೆ ಕಾಲಕಾಲಕ್ಕೆ ನೆಲಕ್ಕೆ ಬೆಂಕಿಯಿಡುವುದು ಮುಖ್ಯ ಸಾಧನವಾಗಿದೆ. ಅದೇ ಬೆಂಕಿ ನಮ್ಮ ಮಲೆನಾಡಿನ ನಿತ್ಯಹರಿದ್ವರ್ಣದ ಸಸಿಗಳಿಗೆ ಮೃತ್ಯುಪ್ರಾಯವಾದುದು. ಆದುದರಿಂದ ಪ್ರತಿಯೊಂದು ಸೀಮೆಯೂ ತನ್ನ ಚರಿತ್ರೆಯನ್ನು ತಾನೇ ಶೋಧಿಸಿಕೊಳ್ಳಬೇಕು. ಇಲ್ಲಿ ಇತಿಹಾಸದ ವಿದ್ಯಾರ್ಥಿಗೂ ಕೆಲಸವುಂಟು.

ಹಾನುಬಾಳು ಹೋಬಳಿಯನ್ನೊಳಗೊಂಡ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದ್ ಎಂಬ ಹೆಸರಿದ್ದಿತು. ಆ ಸೀಮೆಯಲ್ಲಿ ಕಾಫಿತೋಟ ಮಾಡಿದ ರಾಬರ್ಟ್ ಎಚ್. ಎಲಿಯಟ್ಟನು 1894ರಲ್ಲಿ ಪ್ರಕಟಿಸಿದ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಎಂಬ ಗ್ರಂಥವು ಅಲ್ಲಿಯ ಮರಗಳ ವಿಷಯದಲ್ಲಿ ಒಂದು ಬೆಲೆಯುಳ್ಳ ಆಕರ. ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಇಲ್ಲಿಯ ಪ್ರಶ್ನೆ.

ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿಯಿಂದ ದಕ್ಷಿಣ ಭಾರತದ ಕಾಫಿತೋಟಗಳು ಬಹಳವಾಗಿ ನಾಶವಾದುವು. ಈ ಹಾವಳಿಯನ್ನು ಕುರಿತು ಜಾರ್ಜ್ ಬಿಡಿಯು ಬರೆದ ವರದಿ 1869ರಲ್ಲಿ ಹೊರಬಂದಿತು. ಬಿಸಿಲಿಗೆ ತೆರೆದ ಗಿಡಗಳಿಗೆ ನೆರಳೇ ರಕ್ಷೆಯೆಂಬ ಅರಿವು ಆ ಕಾಲದಲ್ಲಿ ಬಲಗೊಂಡಿತು. ಎಲಿಯಟ್ಟನು ಈ ಅರಿವನ್ನು ದೀರ್ಘಕಾಲದ ಸ್ವಾನುಭವದಿಂದ ಪರೀಕ್ಷಿಸಿ, ಒಂದೊಂದು ಮರದ ಗುಣದೋಷವನ್ನೂ ವಿಚಾರಮಾಡಿದ್ದಾನೆ. ಬಸರಿ, ಗೋಣಿ ಮೊದಲಾದ ಆಲದ ಜಾತಿಯ ಮರಗಳನ್ನು ಅವನು ಕನ್ನಡ ಹೆಸರುಗಳಿಂದಲೇ ಗುರುತಿಸಿರುವುದು ಗಮನಾರ್ಹ.

ಆದರೆ ಗ್ರಂಥದ ಮಿತಿಯೂ ಈ ಗುಣದಲ್ಲಿಯೇ ಅಡಗಿದೆ. ಮರಗಳ ಹೆಸರನ್ನು ಊರಿನವರಿಂದ ಪಡೆದ ಗ್ರಂಥಕಾರನು ಅವುಗಳ ಬೆಲೆಯನ್ನು ಮಾತ್ರ ಕಾಫಿಗಿಡದಿಂದ ಕಟ್ಟಿದ್ದಾನೆ. ಕಾಫಿಗೆ ಒಗ್ಗುವ ಮರ ಒಳ್ಳೆಯದು. ಒಗ್ಗದ ಮರ ಕೆಟ್ಟದ್ದು. ತೋಟಗಾರನಿಗೆ ಇದು ಸಹಜವಾದ ನ್ಯಾಯ. ಕಾಡಿಗೆ ಇದು ನ್ಯಾಯವಲ್ಲ. ಆದುದರಿಂದ ಗ್ರಂಥದಲ್ಲಿರುವ ಮರಗಳ ಪಟ್ಟಿಯು ಆರಿಸಿ ಉಳಿಸಿದ ನೆರಳಿನ ಪಟ್ಟಿಯೇ ಹೊರತು ಮಂಜರಾಬಾದಿನ ಕಾಡಿನ ಪಟ್ಟಿಯಲ್ಲ. ಅದನ್ನೇ ಪೂರ್ವಸ್ಥಿತಿಯೆಂದು ಭಾವಿಸಿ ಸಸಿ ನೆಟ್ಟರೆ, ಕಾಡಿನ ಹೆಸರಿನಲ್ಲಿ ತೋಟವನ್ನೇ ಬೆಳೆಸಿದಂತಾದೀತು.

ಈ ಭೇದವನ್ನು ನಿರ್ಣಯಿಸಲು ಪುಸ್ತಕವೊಂದೇ ಸಾಲದು. ಕ್ಷೇತ್ರಕಾರ್ಯವೂ ಬೇಕು, ಅದೂ ಋತುವನ್ನರಿತು ನಡೆಯಬೇಕು. ಬೇಸಗೆಯಲ್ಲಿ ದೂರದಿಂದ ನೋಡಿದವನಿಗೆ ಹಳೆಯ ತೋಟವೂ ಕಾಡೂ ಒಂದೇ ಹಸಿರಾಗಿ ತೋರುತ್ತವೆ. ಮಳೆಗಾಲದಲ್ಲಿ ನೆಲವನ್ನು ನೋಡಿದವನಿಗೆ ವ್ಯತ್ಯಾಸ ತಿಳಿಯುತ್ತದೆ. ಸಾಲುಧೂಪದಂತಹ ಮರಗಳ ಬೀಜವು ಬಹುಕಾಲ ಬಾಳದು. ಮುಂಗಾರಿನ ತೇವದಲ್ಲಿ ಬೇಗನೆ ಮೊಳೆಯಬೇಕು. ಕಾಡಿನಲ್ಲಿ ಆ ಮೊಳಕೆಗಳಲ್ಲಿ ಕೆಲವಾದರೂ ಮರವಾದಾವು. ತೋಟದಲ್ಲಿ ಅವು ಕಳೆಯೊಡನೆ ಕತ್ತರಿಸಿಹೋಗುತ್ತವೆ. ಮೇಲೆ ಹಿರಿಯ ಮರಗಳಿದ್ದು ಕೆಳಗೆ ಅವುಗಳ ಸಂತತಿಯಿಲ್ಲದಿದ್ದರೆ, ಆ ಮರಗಳು ಬಿದ್ದ ದಿನ ಕಾಡಿನ ಚಿಹ್ನೆಯೂ ಅಳಿಯುತ್ತದೆ. ಆ ತೆರವನ್ನು ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರವು ತುಂಬುವುದನ್ನು ಈ ಸೀಮೆಯ ಅನೇಕ ತೋಟಗಳಲ್ಲಿ ಕಾಣಬಹುದು.

ಇಷ್ಟರಿಂದ ಎಲಿಯಟ್ಟನ ಗ್ರಂಥವು ತ್ಯಾಜ್ಯವೆಂದು ಭಾವಿಸಬಾರದು. ಯಾವ ಮರಗಳು ಏಕೆ ಉಳಿದುವೆಂಬುದಕ್ಕೆ ಅದು ಉತ್ತಮ ಸಾಕ್ಷಿ. ಯಾವುವು ಅಳಿದುವೆಂಬುದಕ್ಕೆ ಅಲ್ಲ. ಅಳಿದವುಗಳನ್ನು ದೇವರಕಾಡುಗಳಲ್ಲಿಯೂ, ಊರ ಹಿರಿಯರ ನೆನಪಿನಲ್ಲಿಯೂ, ಮಳೆಗಾಲದ ನೆಲದಲ್ಲಿಯೂ ಹುಡುಕಬೇಕಾಗಿದೆ. ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಸಸ್ಯಶಾಸ್ತ್ರದ ವಿದ್ಯಾರ್ಥಿಗಳೊಡನೆ ಕೂಡಿ ಈ ಕಾರ್ಯವನ್ನು ಕೈಕೊಂಡರೆ ಉಭಯ ಶಾಸ್ತ್ರಗಳಿಗೂ ಉಪಕಾರವಾದೀತು.